ಆಲ್‌ದೋ ಬಂದ ಮೇಲೆ ಬಟ್ ಯಾಕೆ?

"ಆಲ್‌ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್ ಔಟ್." ಕೇಳೋಕೆ ಸರಿ ಅನ್ಸುತ್ತೆ, ಅಲ್ವಾ? ಇಲ್ಲಿ ಒಂದು ಪದ ಹೆಚ್ಚಾಗಿದೆ.

ಮಳೆಗೂ ಹೊರಗೆ ಹೋಗಿದ್ದಕ್ಕೂ ಇರೋ ವಿರೋಧವನ್ನ ಆಲ್‌ದೋ ಆಗಲೇ ಹೇಳಿಬಿಟ್ಟಿದೆ. ಬಟ್ ತೆಗೆದುಬಿಡಿ. ಅಥವಾ ಬಟ್ ಇಟ್ಕೊಂಡು ಆಲ್‌ದೋ ಬಿಡಿ. ನಾವೂ "ಮಳೆ ಬರ್ತಿದ್ರೂ ಹೋದ್ವಿ" ಅಂತೀವೇ ಹೊರತು, ಮಧ್ಯೆ ಇನ್ನೊಂದು "ಆದ್ರೆ" ಸೇರಿಸಲ್ಲ.

ಈಗ ಬಟ್ ವಿಷಯಕ್ಕೆ ಬನ್ನಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ನಿಮ್ಮ ಮ್ಯಾನೇಜರ್ "ಯುವರ್ ವರ್ಕ್ ಈಸ್ ಗುಡ್, ಬಟ್ ಸ್ಲೋ" ಅಂದ್ರೆ ಅದು ದೂರು. "ಸ್ಲೋ, ಬಟ್ ಗುಡ್" ಅಂದ್ರೆ ಮೆಚ್ಚುಗೆ. ಪದಗಳು ಅವೇ, ಜಾಗ ಮಾತ್ರ ಅದಲುಬದಲು. ಸಾಮಾನ್ಯವಾಗಿ ಬಟ್ ನಂತರ ಬಂದಿದ್ದೇ ಕೇಳುವವರ ಮನಸ್ಸಲ್ಲಿ ಉಳಿಯೋದು. ಹಾಗಾಗಿ ಯಾರಿಗಾದ್ರೂ ತಪ್ಪು ತಿಳಿಸುವಾಗ ಒಳ್ಳೆ ಮಾತನ್ನ ಕೊನೆಗಿಡಿ.

ಇನ್ನು ಡಿಸ್ಪೈಟ್. ಇದರ ನಂತರ ಆಫ್ ಬೇಡ. "ಡಿಸ್ಪೈಟ್ ದ ರೇನ್" ಅಷ್ಟೇ. ಆಫ್ ಬೇಕೇ ಬೇಕು ಅಂದ್ರೆ, "ಇನ್ ಸ್ಪೈಟ್ ಆಫ್ ದ ರೇನ್" ಅನ್ನಿ.

ಕಾಮೆಂಟಲ್ಲಿ ಆಲ್‌ದೋ ಹಾಕಿ, ಬಟ್ ಇಲ್ಲದೆ, ಒಂದು ವಾಕ್ಯ ಬರೀರಿ. ಓದ್ತೀನಿ.