ಮಗು ಪೇಸ್ಟು ನುಂಗಿತೇ? ಗಾಬರಿ ಬೇಡ, ಎಚ್ಚರ ಬೇಕು

ಬೆಳಗಿನ ಗಡಿಬಿಡಿಯಲ್ಲಿ ನೀವು ಒಲೆಯ ಮುಂದಿರುತ್ತೀರಿ. ಬಚ್ಚಲುಮನೆಯಲ್ಲಿ ಹಲ್ಲುಜ್ಜುತ್ತಿದ್ದ ಪುಟ್ಟ, ಪೇಸ್ಟನ್ನು ಉಗುಳುವ ಬದಲು ಚಪ್ಪರಿಸಿ ನುಂಗಿಬಿಡುತ್ತಾನೆ. "ಅಯ್ಯೋ, ಹೊಟ್ಟೆಗೆ ಹೋಯ್ತಲ್ಲಾ!" ಎಂದು ನಿಮ್ಮ ಎದೆ ಹೊಡೆದುಕೊಳ್ಳುತ್ತದೆ. ಪಕ್ಕದ ಮನೆಯಾಕೆ "ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಿ" ಅಂತಾರೆ. ಅತ್ತೆಯವರು "ಏನೂ ಆಗಲ್ಲ ಬಿಡು" ಅಂತಾರೆ. ಯಾರ ಮಾತು ಸರಿ?

ಬ್ರಷ್ಷಿನ ಮೇಲಿದ್ದಷ್ಟು ಪೇಸ್ಟಿನ ಮಟ್ಟಿಗೆ ಅತ್ತೆಯವರ ಮಾತೇ ಸರಿ. ಆದರೆ ಎಲ್ಲ ಸಲವೂ ಅಲ್ಲ.

ಎಷ್ಟು ನುಂಗಿದರೆ ಅಪಾಯ?

ಹಲ್ಲು ಹುಳುಕಾಗದಿರಲೆಂದು ಪೇಸ್ಟಿಗೆ ಫ್ಲೋರೈಡ್ ಬೆರೆಸುತ್ತಾರೆ. ನಮ್ಮ ದೇಶದ ಕಾನೂನಿನಂತೆ ಇದು ಹತ್ತು ಲಕ್ಷಕ್ಕೆ 1000 ಭಾಗವನ್ನು ಮೀರಬಾರದು. ಅಂದರೆ 1 ಗ್ರಾಂ ಪೇಸ್ಟಿನಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟು ಸುಮಾರು ಕಾಲು ಗ್ರಾಂ ತೂಗುತ್ತದೆ. ಅದು ಹೊಟ್ಟೆಗೆ ಹೋದರೆ ಹೆದರಬೇಕಾದ್ದಿಲ್ಲ.

ಮೈತೂಕದ ಕಿಲೋ ಒಂದಕ್ಕೆ 5 ಮಿಲಿಗ್ರಾಂ ಫ್ಲೋರೈಡ್ ಹೋದರೆ ಅಪಾಯವೆಂದು ವೈದ್ಯರ ಲೆಕ್ಕ. 10 ಕಿಲೋ ತೂಕದ ಕೂಸಿಗೆ ಅದು 50 ಗ್ರಾಂ ಪೇಸ್ಟು, ಅಂದರೆ 100 ಗ್ರಾಂ ಟ್ಯೂಬಿನ ಅರ್ಧ! ಸಿಹಿಯಾಗಿ, ಹಣ್ಣಿನ ವಾಸನೆ ಬೀರುವ ಪೇಸ್ಟನ್ನು ಮಿಠಾಯಿ ಎಂದುಕೊಂಡು ಹಿಂಡಿ ತಿನ್ನುವ ಮಕ್ಕಳೂ ಇದ್ದಾರೆ. ಅತಿಯಾದರೆ ಅಮೃತವೂ ವಿಷವೇ ಅಲ್ಲವೇ?

ಆಗ ಏನು ಮಾಡಬೇಕು?

ಸ್ವಲ್ಪ ನುಂಗಿದ್ದರೆ ಬಾಯಿ ಒರೆಸಿ, ಒಂದು ಲೋಟ ಹಾಲು ಕೊಡಿ. ಹಾಲಿನ ಸುಣ್ಣದಂಶ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಟಲಿಗೆ ಬೆರಳು ಹಾಕುವುದು, ಉಪ್ಪುನೀರು ಕುಡಿಸುವುದು ಖಂಡಿತ ಬೇಡ. ಮಗು ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ.

ಕಾಲು ಟ್ಯೂಬಿನಷ್ಟಾದರೂ ಹೋಗಿರಬಹುದೆನಿಸಿದರೆ, ಇಲ್ಲವೇ ವಾಂತಿ, ಹೊಟ್ಟೆನೋವು, ಜೊಲ್ಲು ಸುರಿಯುವುದು ಶುರುವಾದರೆ ಟ್ಯೂಬನ್ನು ಕೈಯಲ್ಲೇ ಹಿಡಿದು ವೈದ್ಯರ ಬಳಿಗೆ ಹೊರಡಿ. ಯಗಟಿಯಂಥ ಊರಿನವರು ಕಡೂರಿನ ಬಸ್ಸಿಗೆ ಕಾಯುತ್ತಾ ಕೂರುವುದು ಬೇಡ, 108ಕ್ಕೆ ಫೋನು ಮಾಡಿ. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ 1800 116 117. ಇದನ್ನು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿಡಿ.

ದಿನಾ ಸ್ವಲ್ಪ ಸ್ವಲ್ಪ ನುಂಗಿದರೆ?

ಒಂದು ದಿನದ್ದು ಲೆಕ್ಕಕ್ಕಿಲ್ಲ, ವರ್ಷಗಟ್ಟಲೆಯದು ಲೆಕ್ಕಕ್ಕುಂಟು. ಒಸಡಿನೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಮುಂದೆ ಹಲ್ಲಿನ ಮೇಲೆ ಬಿಳಿ ಗೆರೆ, ಇನ್ನೂ ಹೆಚ್ಚಾದರೆ ಕಂದು ಕಲೆ ಬೀಳುತ್ತದೆ. ಎಷ್ಟು ಉಜ್ಜಿದರೂ ಅದು ಹೋಗದು.

ಕುಡಿಯುವ ನೀರಿನಲ್ಲೂ ಫ್ಲೋರೈಡ್ ಇರಬಹುದು. ಪಾವಗಡ, ಮುಂಡರಗಿ ಸೀಮೆಯವರಿಗೆ ಈ ಕಷ್ಟ ಹೊಸದಲ್ಲ. ಬಯಲುಸೀಮೆಯ ಕಡೂರು, ಯಗಟಿ ಕಡೆ ಕೊಳವೆಬಾವಿ ನೀರು ಕುಡಿಯುವವರೂ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ ಪರೀಕ್ಷೆ ಮಾಡಿಸುವುದು ಮೇಲು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಒಂದೂವರೆ ದಾಟಬಾರದು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ.

ಟ್ಯೂಬೇ ಬೇರೆಯಾಗಿದ್ದರೆ!

ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಕೆಲವು ಇಲಿಪಾಷಾಣಗಳೂ ಪೇಸ್ಟಿನಂತೆ ಟ್ಯೂಬಿನಲ್ಲೇ ಬರುತ್ತವೆ. 2022ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಯುವತಿಯೊಬ್ಬಳು ಪೇಸ್ಟೆಂದು ತಿಳಿದು ಇಲಿಪಾಷಾಣದಲ್ಲಿ ಹಲ್ಲುಜ್ಜಿ ಪ್ರಾಣ ಕಳೆದುಕೊಂಡಳೆಂದು ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಪಾಷಾಣದಲ್ಲಿರುವ ಹಳದಿ ರಂಜಕ ಬಲು ಮೋಸದ್ದು. ಮೊದಲು ಒಂದಿಷ್ಟು ವಾಂತಿ, ಆಮೇಲೆ ಒಂದೆರಡು ದಿನ ಎಲ್ಲ ಸರಿಹೋಯಿತೆಂಬಂತೆ ಇರುತ್ತದೆ. ಅಷ್ಟರಲ್ಲಿ ಪಿತ್ತಜನಕಾಂಗ ಕೆಡುತ್ತಾ ಬರುತ್ತದೆ. ಆದ್ದರಿಂದ "ಚೆನ್ನಾಗೇ ಇದ್ದಾಳಲ್ಲ" ಎಂದು ಕಾಯಬೇಡಿ. ಇದಕ್ಕೆ ಹಾಲು, ತುಪ್ಪ, ಎಣ್ಣೆ ಯಾವುದನ್ನೂ ಕೊಡಬಾರದು. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯಲ್ಲಿ ಇಷ್ಟು ಪಾಲಿಸಿ

• ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಬೇಡ.

• ಪೇಸ್ಟನ್ನು ನೀವೇ ಹಾಕಿಕೊಡಿ. ಜೊತೆಗೆ ನಿಂತು "ಥೂ" ಎಂದು ಉಗುಳುವುದನ್ನು ಆಟದಂತೆ ಕಲಿಸಿ.

• ಟ್ಯೂಬು ಮಕ್ಕಳ ಕೈಗೆಟುಕದ ಗೂಡಿನಲ್ಲಿರಲಿ.

• ಇಲಿಪಾಷಾಣ, ಮುಲಾಮು ಯಾವುದೂ ಪೇಸ್ಟಿನ ಪಕ್ಕದಲ್ಲಿ ಬೇಡ. ಸಾಧ್ಯವಾದರೆ ಪಾಷಾಣವನ್ನೇ ಬಿಟ್ಟು ಇಲಿಬೋನು ಇಡಿ.

• ಕರೆಂಟು ಹೋದಾಗ ಕತ್ತಲಲ್ಲಿ ತಡಕಾಡಿ ಟ್ಯೂಬು ಹಿಂಡಬೇಡಿ. ದೀಪ ಹಚ್ಚಿ, ಹೆಸರು ಓದಿ, ಆಮೇಲೆ ಬ್ರಷ್ಷಿಗೆ ಹಾಕಿ.

ಇಂದೇ ಕೆಲಸ ಮುಗಿದ ಮೇಲೆ ಬಚ್ಚಲುಮನೆಯ ಗೂಡನ್ನೊಮ್ಮೆ ನೋಡಿ. ಅಲ್ಲಿ ಏನೇನಿದೆ, ಯಾರ ಕೈಗೆ ಎಟುಕುತ್ತದೆ? ಐದು ನಿಮಿಷದ ಕೆಲಸ, ಮನೆಮಂದಿಗೆಲ್ಲ ನೆಮ್ಮದಿ.