ಆಶೌಚವಿಲ್ಲದ ಮರಣ

ಸಾಕಿದ ನಾಯಿಯೊಂದು ಸತ್ತಿತೆಂದು ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ನಗಬಹುದು. ಎರಡು ತಿಂಗಳ ಹಿಂದೆ ಬೇರೆ ಯಾರಾದರೂ ಹೀಗೆ ಬರೆದಿದ್ದರೆ ನಾನೂ ನಗುತ್ತಿದ್ದೆನೆಂದು ತೋರುತ್ತದೆ. ಮೂವತ್ತೈದು ವರ್ಷ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ಈಗ ವಿಶ್ರಾಂತಿಯಲ್ಲಿರುವವನು ನಾನು. ಶೋಕವು ಅವಿವೇಕದಿಂದ ಹುಟ್ಟತಕ್ಕದ್ದೆಂದು ಎಷ್ಟೋ ಮನೆಗಳಲ್ಲಿ ಹಿರಿಯರ ಸಾಲಿನಲ್ಲಿ ಕುಳಿತು ಉಪದೇಶ ಮಾಡಿಯೂ ಇದ್ದೇನೆ. ಆ ಮಾತುಗಳಲ್ಲಿ ಒಂದಾದರೂ ಈ ಸಲ ನನ್ನ ನೆರವಿಗೆ ಬರಲಿಲ್ಲ.

ನಮ್ಮ ಕೆಂಚ ಉತ್ತಮ ಜಾತಿಯ ನಾಯಿಯೇನೂ ಅಲ್ಲ, ಬೀದಿಯದು. ಆರು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ಪಾಠಶಾಲೆಯ ಜಗಲಿಯಿಂದ ನನ್ನ ಕೊಡೆಯ ಆಸರೆಯನ್ನು ಹಿಡಿದು ಮನೆಯವರೆಗೂ ಬಂದಿತು. ನನ್ನ ಪತ್ನಿ ಮಡಿಮೈಲಿಗೆಗಳಲ್ಲಿ ಬಹಳ ಕಟ್ಟುನಿಟ್ಟು. "ಬಂದದ್ದು ಬಂತು, ಇರಲಿ. ಆದರೆ ಹೊಸ್ತಿಲು ದಾಟಕೂಡದು" ಎಂದು ತೀರ್ಪು ಕೊಟ್ಟಳು. ಕೆಂಚ ಆ ತೀರ್ಪನ್ನು ಅಕ್ಷರಶಃ ಪಾಲಿಸಿತು. ಮೈಯೆಲ್ಲ ಜಗಲಿಯ ಮೇಲೆ, ಗದ್ದ ಮಾತ್ರ ಹೊಸ್ತಿಲ ಮೇಲೆ! ಬೆಳಗ್ಗೆ ರಂಗವಲ್ಲಿ ಇಡುವ ಹೊತ್ತಿಗೆ ತಾನಾಗಿಯೇ ಎದ್ದು ಸರಿದು ನಿಲ್ಲುವುದು; ಇಟ್ಟು ಮುಗಿದ ಮೇಲೆ ಗೆರೆ ಅಳಿಯದಂತೆ ಒಂದು ಗೇಣು ಹಿಂದಕ್ಕೆ ಮಲಗುವುದು. ಧರ್ಮಶಾಸ್ತ್ರದ ವಾಕ್ಯಗಳಿಗೆ ಇಷ್ಟು ಸೂಕ್ಷ್ಮವಾಗಿ ಅರ್ಥಮಾಡಬಲ್ಲ ವಿದ್ಯಾರ್ಥಿಗಳು ನನಗೆ ಹೆಚ್ಚಾಗಿ ದೊರೆಯಲಿಲ್ಲ.

ಅದು ಬಂದಾಗ ನನ್ನ ಮೊಮ್ಮಗನಿಗೆ ಎರಡು ವರ್ಷ. ಅದರ ಕಿವಿಯನ್ನು ಹಿಡಿದುಕೊಂಡೇ ಅವನು ಜಗಲಿಯ ಮೆಟ್ಟಲು ಇಳಿಯುವುದನ್ನು ಕಲಿತನು. ಅವನು ಶಾಲೆಯಿಂದ ಬರುವ ವ್ಯಾನಿನ ಸದ್ದು ನಮಗೆ ಕೇಳಿಸುವುದಕ್ಕೆ ಮೊದಲೇ ಅದು ಗೇಟಿನ ಬಳಿ ಹೋಗಿ ನಿಂತಿರುತ್ತಿತ್ತು.

ಆ ಗುರುವಾರ ಹುಡುಗನು ಎಂದಿನಂತೆ ಎಂಟೂವರೆಗೆ ಶಾಲೆಗೆ ಹೋದನು. ಸ್ವಲ್ಪ ಹೊತ್ತಿಗೆ ನಾನು ವೀಳ್ಯದೆಲೆ ತರಲು ಬೀದಿಯ ಮೂಲೆಯವರೆಗೆ ಹೋಗಿ ಹಿಂದಿರುಗಿದೆನು. ಒಂಬತ್ತರ ಸುಮಾರಿಗೆ ಜಲ್ಲಿಕಲ್ಲು ತುಂಬಿದ ಲಾರಿಯೊಂದು ಬರುತ್ತಿರಲು, ಎದುರು ಮನೆಯ ಬೆಕ್ಕನ್ನು ಕಂಡು ಕೆಂಚ ಓಡಿತು. ಗೇಟು ತೆರೆದಿತ್ತು. ನಾನು ಹೊರಕ್ಕೆ ಬರುವಷ್ಟರಲ್ಲಿ ಎಲ್ಲವೂ ಆಗಿಹೋಗಿತ್ತು. ಮೈಮೇಲೆ ಗಾಯವೂ ಹೆಚ್ಚಾಗಿ ಕಾಣಲಿಲ್ಲ. ಪತ್ನಿ ಒಳಗಿನಿಂದ ಒಂದು ತಂಬಿಗೆ ನೀರು ತಂದಳು. ಅದು ಅವಳ ಮಡಿಯ ತಂಬಿಗೆಯೆಂಬುದನ್ನು ನಾನು ಸಂಜೆಯವರೆಗೆ ಗಮನಿಸಲಿಲ್ಲ.

ಹುಡುಗನಿಗೆ ಏನು ಹೇಳುವುದೆಂಬುದು ಮೊದಲ ಚಿಂತೆಯಾಯಿತು. "ಯಾರೋ ತೋಟಕ್ಕೆ ಕರೆದುಕೊಂಡು ಹೋದರು ಎಂದು ಹೇಳಿಬಿಡಿ" ಎಂದು ನೆರೆಮನೆಯವರು ಸೂಚಿಸಿದರು. ಸದ್ಯಃ ನನ್ನ ಮಗ ಅದಕ್ಕೆ ಒಪ್ಪಲಿಲ್ಲ. ಹಾಗೆ ಹೇಳಿದ್ದರೆ ಆ ಮಗು ಇಂದಿಗೂ ಗೇಟಿನ ಬಳಿ ಕಾಯುತ್ತ ನಿಂತಿರುತ್ತಿತ್ತು. ಸತ್ತುದನ್ನು ಸತ್ತಿತೆಂದೇ ಹೇಳಬೇಕು, ಹೂಳುವುದಕ್ಕೆ ಮೊದಲು ಒಮ್ಮೆ ಮುಟ್ಟಲೂ ಬಿಡಬೇಕು. ಹಿತ್ತಿಲಲ್ಲಿ ಬಾವಿಯಿಂದ ದೂರವಾಗಿ, ಸೀಬೆಯ ಮರದ ಕೆಳಗೆ, ಬೇರೆ ನಾಯಿಗಳು ಕೆದಕದಂತೆ ಸೊಂಟದಾಳ ತೋಡಿ, ಹಳೆಯ ಪಂಚೆಯೊಂದರಲ್ಲಿ ಸುತ್ತಿ ಮಲಗಿಸಿದೆವು. ಹಿತ್ತಿಲಿಲ್ಲದ ಪಟ್ಟಣವಾಸಿಗಳ ಕಷ್ಟ ಬೇರೆ; ಬೆಂಗಳೂರಿನವರಿಗೆ ಕೆಂಗೇರಿಯ ಬಳಿ ಸಾಕುಪ್ರಾಣಿಗಳಿಗೆಂದೇ ಒಂದು ಸ್ಮಶಾನವಿದೆ.

ಹೂಳಿ ಬಂದ ಮೇಲೆ ಹುಡುಗನು ಕೇಳಿದನು: "ತಾತ, ಈಗ ಸ್ನಾನ ಮಾಡಬೇಕಾ? ಎಷ್ಟು ದಿನ?"

ನನಗೆ ಉತ್ತರ ತೋಚಲಿಲ್ಲ. ಸಪಿಂಡರಿಗೆ ಹತ್ತು ದಿನ; ದೂರದ ಜ್ಞಾತಿಗಳಿಗೆ ಕಡಮೆ; ಹಲ್ಲು ಹುಟ್ಟದ ಶಿಶುವಿಗೆ ಮತ್ತೊಂದು ಕ್ರಮ. ಇವೆಲ್ಲ ನನಗೆ ಕಂಠಪಾಠ. ಈ ಆಶೌಚವೆಂಬುದನ್ನು ಕೇವಲ ಮೈಲಿಗೆಯೆಂದು ತಿಳಿದವರು ಅದರ ಉಪಕಾರವನ್ನು ಅರಿತವರಲ್ಲ. ಇಷ್ಟು ದಿನ ನೀನು ಕೆಲಸಕ್ಕೆ ಹೋಗಬೇಡ, ಹಬ್ಬ ಮಾಡಬೇಡ, ಜನ ಬಂದು ನಿನ್ನ ಬಳಿ ಕುಳಿತುಕೊಳ್ಳಲಿ ಎಂದು ಶಾಸ್ತ್ರವು ದುಃಖಿಗೆ ಕೊಡುವ ರಜೆ ಅದು. ನಾಯಿ ಸತ್ತ ಮನೆಗೆ ಈ ರಜೆಯಿಲ್ಲ. ಮರುದಿನ ಹಾಲಿನವನು ಬಂದನು, ವಿದ್ಯುತ್ತಿನ ಬಿಲ್ಲು ಬಂದಿತು. "ನಾಯಿ ತಾನೆ ಮೇಷ್ಟ್ರೇ, ಇನ್ನೊಂದು ಮರಿ ತಂದರಾಯಿತು" ಎಂದು ಪರಿಚಿತರೊಬ್ಬರು ಹೇಳಿ ಹೋದರು. ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಆದರೂ ನನ್ನ ಸೊಸೆ ಅಡಿಗೆಮನೆಯ ಬಾಗಿಲನ್ನು ಹಾಕಿಕೊಂಡು ಅತ್ತಳು.

ನಮ್ಮ ಪೂರ್ವಿಕರು ನಾಯಿಯನ್ನು ಪೂರ್ತಿಯಾಗಿ ಹೊರಗೆ ಇಟ್ಟವರೂ ಅಲ್ಲ. ವೈಶ್ವದೇವದಲ್ಲಿ ನಾಯಿಗಳಿಗೂ ಕಾಗೆಗಳಿಗೂ ನೆಲದ ಮೇಲೆ ಅನ್ನವಿಡಬೇಕೆಂದು ಗೃಹಸ್ಥನಿಗೆ ವಿಧಿಸಿದ್ದಾರೆ. ಯಮನ ಮಾರ್ಗವನ್ನು ಕಾಯುವವರು ಸರಮೆಯ ಮಕ್ಕಳಾದ ಎರಡು ನಾಯಿಗಳೆಂದು ಋಗ್ವೇದವು ಹೇಳುತ್ತದೆ. ಪಾಣಿನಿಯಂತೂ ಶ್ವನ್, ಯುವನ್, ಮಘವನ್ ಎಂಬ ಮೂರು ಶಬ್ದಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿಬಿಟ್ಟನು. ತನ್ನ ರಥಕ್ಕೆ ನಾಯಿಯನ್ನು ಹತ್ತಿಸಲಾರೆನೆಂದು ಧರ್ಮರಾಯನೊಡನೆ ಹಟ ಹಿಡಿದ ಇಂದ್ರನು ವ್ಯಾಕರಣದಲ್ಲಿ ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳಬೇಕಾಯಿತು!

ಆ ಮಹಾಪ್ರಸ್ಥಾನದ ಕಥೆಯನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ದ್ರೌಪದಿಯೂ ತಮ್ಮಂದಿರೂ ದಾರಿಯಲ್ಲಿ ಬಿದ್ದ ಮೇಲೆ ಕೊನೆಗೆ ಉಳಿದುದು ನಾಯಿಯೊಂದೇ; ಭಕ್ತನಾದವನನ್ನು ಕೈಬಿಡುವುದು ಬ್ರಹ್ಮಹತ್ಯೆಗೆ ಸಮಾನವೆಂದು ಯುಧಿಷ್ಠಿರನು ಸ್ವರ್ಗವನ್ನೇ ಬೇಡವೆಂದನು. ಆಗ ಆ ನಾಯಿ ಧರ್ಮದೇವತೆಯಾಗಿ ನಿಂತಿತು. ಈ ಕೊನೆಯ ಭಾಗಕ್ಕೇ ನಾನು ಯಾವಾಗಲೂ ಒತ್ತು ಕೊಡುತ್ತಿದ್ದೆ. ಕೆಂಚನನ್ನು ಹೂಳಿದ ರಾತ್ರಿ ನಿದ್ರೆ ಬಾರದೆ ಹೊರಳುತ್ತಿರುವಾಗ ನನಗೆ ಬೇರೊಂದು ಅಂಶ ಹೊಳೆಯಿತು. ಬೇಡವೆಂದ ಕ್ಷಣದಲ್ಲಿ ಅದು ದೇವತೆಯೆಂದು ಯುಧಿಷ್ಠಿರನಿಗೆ ಗೊತ್ತಿರಲಿಲ್ಲ. ಅವನ ಪಾಲಿಗೆ ಅದು ಬರಿಯ ನಾಯಿ.

ಬರಿಯ ನಾಯಿಗಾಗಿಯೇ ಕಲ್ಲು ನಿಲ್ಲಿಸಿದವನೊಬ್ಬನು ನಮ್ಮ ಮಂಡ್ಯದ ಸೀಮೆಯಲ್ಲಿಯೇ ಇದ್ದನು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಬಲ್ಲವರು ಬಲ್ಲರು. ಕ್ರಿ.ಶ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನು ರಾಷ್ಟ್ರಕೂಟ ಕೃಷ್ಣನ ಪಕ್ಷದಲ್ಲಿ ಕಾದಿ ಚೋಳ ರಾಜಾದಿತ್ಯನನ್ನು ಕೊಂದನು. ಆ ಬೂತುಗನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಮುಂದೆ ಒಂದು ದೊಡ್ಡ ಕಾಡುಹಂದಿಯ ಮೇಲೆ ಅದನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಮಣಲೇರನು ಆತಕೂರಿನ ಚೆಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಪೂಜೆ ಮಾಡದೆ ಉಂಡವನಿಗೆ ಪಾಪ ತಟ್ಟಲೆಂದೂ ಬರೆಯಿಸಿದನು.

ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹಿಂದೆ ಹುಡುಗರನ್ನು ಕರೆದುಕೊಂಡು ಹೋಗಿ ಅದನ್ನು ತೋರಿಸಿದ್ದೆನು. ಲಿಪಿಯನ್ನೂ ಯುದ್ಧದ ಇಸವಿಯನ್ನೂ ವಿವರಿಸಿ, "ಪರೀಕ್ಷೆಗೆ ಬರಬಹುದು, ಬರೆದುಕೊಳ್ಳಿ" ಎಂದೆನು. ಹಂದಿಯ ಮೇಲೆ ಎರಗಿದ ನಾಯಿಯ ಚಿತ್ರವನ್ನು ನಾನು ಸರಿಯಾಗಿ ನೋಡಿದಂತೆ ನೆನಪಿಲ್ಲ. ಆ ಮಣಲೇರನೂ ಒಂದು ರಾತ್ರಿ ನಿದ್ರೆಯಿಲ್ಲದೆ ಹೊರಳಿರಬೇಕೆಂದು ಈಗ ತೋರುತ್ತದೆ. ಹಂದಿಯ ಮೇಲೆ ಅದನ್ನು ಬಿಟ್ಟವರ ಪೈಕಿ ಅವನೂ ಒಬ್ಬನಲ್ಲವೇ?

ಇದನ್ನು ಹೇಳುವುದಕ್ಕೆ ಕಾರಣವಿದೆ. ಗೇಟು ತೆರೆದಿತ್ತೆಂದು ಮೇಲೆ ಬರೆದೆನಷ್ಟೆ. ತೆರೆದವರು ಯಾರೆಂಬುದನ್ನು ಬರೆಯಲಿಲ್ಲ. ಮನೆಯಲ್ಲಿಯೂ ಹೇಳಿರಲಿಲ್ಲ.

ಚಿಲಕ ಹಾಕಲು ಮರೆಯುವುದು ಹುಡುಗನ ಅಭ್ಯಾಸ; ಅದಕ್ಕಾಗಿ ದಿನವೂ ಬೈಸಿಕೊಳ್ಳುತ್ತಿದ್ದನು. ಆ ಸಂಜೆ ಅವನ ತಾಯಿ ದುಃಖದ ಭರದಲ್ಲಿ, "ಚಿಲಕ ಹಾಕು ಹಾಕು ಎಂದು ಎಷ್ಟು ಸಲ ಹೇಳಿದ್ದೆ" ಎಂದುಬಿಟ್ಟಳು. ಹುಡುಗನು ಮಾತಾಡಲಿಲ್ಲ. ಆದರೆ ಅಂದು ಅವನು ಹೋದ ಮೇಲೆ ಆ ಗೇಟನ್ನು ದಾಟಿದವನು ನಾನು. ಹೋಗುವಾಗ ಚಿಲಕ ಹಾಕಿಯೇ ಇತ್ತು. ಬರುವಾಗ ಒಂದು ಕೈಯಲ್ಲಿ ಎಲೆಯ ಕಟ್ಟು, ಇನ್ನೊಂದರಲ್ಲಿ ವೃತ್ತಪತ್ರಿಕೆ. ಓದುತ್ತ ಬಂದು ಕಾಲಿನಿಂದ ಗೇಟನ್ನು ತಳ್ಳಿ ಒಳಗೆ ಬಂದೆನು. ಅದು ಹಿಂದೆ ಮುಚ್ಚಿಕೊಂಡ ಸದ್ದು ಕೇಳಿಸಲಿಲ್ಲವೆಂಬುದು ಕೂಡ ನನಗೆ ನೆನಪಿದೆ.

ಎರಡು ದಿನ ನಾನು ಸುಮ್ಮನಿದ್ದೆನು. ಸುಳ್ಳು ಹೇಳಿದೆನೆಂದಲ್ಲ. ಅಶ್ವತ್ಥಾಮನ ಪ್ರಸಂಗದಲ್ಲಿ ಧರ್ಮರಾಯನು ಆನೆಯೆಂಬ ಮಾತನ್ನು ಮೆಲ್ಲಗೆಯಾದರೂ ಉಚ್ಚರಿಸಿದನು. ಅಷ್ಟಕ್ಕೇ ನೆಲದಿಂದ ನಾಲ್ಕು ಅಂಗುಲ ಮೇಲೆ ಓಡುತ್ತಿದ್ದ ಅವನ ರಥ ಭೂಮಿಗೆ ಇಳಿಯಿತು. ನಾನು ಮೆಲ್ಲಗೆಯೂ ಹೇಳಲಿಲ್ಲ. ನನ್ನ ರಥ ಹೇಗೂ ನೆಲದ ಮೇಲೆಯೇ ಇತ್ತು.

ಮೂರನೆಯ ರಾತ್ರಿಯೂ ಹುಡುಗನು ಊಟವನ್ನು ಮುಟ್ಟಿ ಎದ್ದನು. ನನ್ನ ಪಕ್ಕದಲ್ಲಿ ಮಲಗಿ, ದೀಪ ಆರಿಸಿದ ಮೇಲೆ ಮೆಲ್ಲನೆ ಹೇಳಿದನು: "ತಾತ, ನಾನು ಚಿಲಕ ಹಾಕಿದ್ದೆ ಅಂತಲೇ ನೆನಪು. ಅಮ್ಮ ಹಾಕಿರಲಿಲ್ಲ ಅಂತಾಳೆ. ಹಾಕಿರಲಿಲ್ಲವೇನೋ."

ಎಂಟು ವರ್ಷದ ಮಗು ತಾನು ಕಣ್ಣಾರೆ ಕಂಡುದನ್ನು ನನ್ನ ಮೌನಕ್ಕಾಗಿ ಸುಳ್ಳೆಂದು ನಂಬಲು ತೊಡಗಿತ್ತು. ನಾನು ಎದ್ದು ದೀಪ ಹಾಕಿ, ಮಗನನ್ನೂ ಸೊಸೆಯನ್ನೂ ಕರೆದು, ನಡೆದುದನ್ನು ಹೇಳಿದೆನು. ಸೊಸೆ ಮಗುವನ್ನು ಎತ್ತಿಕೊಂಡಳು. ಪತ್ನಿ ಬಾಗಿಲ ಬಳಿ ನಿಂತಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತೆಂದು ಅವಳ ಮುಖವೇ ಹೇಳಿತು. ಹುಡುಗನು ನನ್ನನ್ನು ಬಹಳ ಹೊತ್ತು ನೋಡಿ, "ಯಾಕೆ ತಾತ ಹೇಳಲಿಲ್ಲ?" ಎಂದನು. ನಾಚಿಕೆಯಾಯಿತು ಎಂದೆನು. ಅವನು ಗೋಡೆಯ ಕಡೆಗೆ ತಿರುಗಿ ಮಲಗಿದನು. ಮೂರು ದಿನಗಳಲ್ಲಿ ಮೊದಲನೆಯ ಸಲ ಬಿಕ್ಕಿಬಿಕ್ಕಿ ಅತ್ತನು.

ಬೆಳಗ್ಗೆ ಎರಡು ದೋಸೆ ತಿಂದನು. ಆ ಭಾನುವಾರ ನಾವಿಬ್ಬರೂ ಬಾವಿಯ ಕಟ್ಟೆಯ ಬಳಿ ಬಿದ್ದಿದ್ದ ಹಳೆಯ ಒಗೆಯುವ ಕಲ್ಲಿನ ತುಂಡನ್ನು ಉರುಳಿಸಿಕೊಂಡು ಹೋಗಿ ಸೀಬೆಯ ಮರದ ಕೆಳಗೆ ನಿಲ್ಲಿಸಿದೆವು. ಮಣಲೇರನ ಕಥೆಯನ್ನು ಕೇಳಿದ ಮೇಲೆ ಅವನು ಬಳಪದಿಂದ ಅದರ ಮೇಲೆ ನಾಯಿಯ ಚಿತ್ರ ಬರೆದಿದ್ದಾನೆ. ಮಳೆ ಬಂದರೆ ಅಳಿಯುತ್ತದೆ, ಮತ್ತೆ ಬರೆಯುತ್ತಾನೆ. ಪತ್ನಿ ಈಗಲೂ ಅನ್ನ ಬಸಿದ ಮೇಲೆ ಒಂದು ಹಿಡಿ ತೆಗೆದಿಡುತ್ತಾಳೆ, ಕಾಗೆಗಳು ತಿನ್ನುತ್ತವೆ.

ಇನ್ನೊಂದು ಮರಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ. ನಾನು ಹೊರಗಿನಿಂದ ಬಂದಾಗಲೆಲ್ಲ ಹುಡುಗನು ಓದುತ್ತಿರುವ ಪುಸ್ತಕವನ್ನು ಮಗುಚಿಟ್ಟು, ಎದ್ದುಹೋಗಿ, ಗೇಟಿನ ಚಿಲಕವನ್ನು ಒಮ್ಮೆ ಮುಟ್ಟಿ ನೋಡಿ ಬರುತ್ತಾನೆ. ಅವನು ಬರುವವರೆಗೆ ನಾನು ಜಗಲಿಯ ಮೇಲೆಯೇ ನಿಂತಿರುತ್ತೇನೆ.