ಚಿಗರಿ ನಿಲ್ಲುವ ಮಾಳ

ಬೀದರ್ ರಾಜಧಾನಿಯಾದದ್ದರ ಹಿಂದೆ ಒಂದು ಬೇಟೆಯಿದೆ. ಬಹಮನಿ ಸುಲ್ತಾನ ಅಹಮದ್ ಶಾ ದಂಡಯಾತ್ರೆ ಮುಗಿಸಿ ಕಲಬುರಗಿಗೆ ಮರಳುವಾಗ, ದಾರಿಯಲ್ಲಿ ಬೇಟೆಯಾಡುತ್ತ ಈ ನೆಲಕ್ಕೆ ಬಂದ, ಇದರ ಚೆಲುವಿಗೆ ಮನಸೋತು ಇಲ್ಲಿಯೇ ತನ್ನ ಹೆಸರಿನ ಪಟ್ಟಣ ಕಟ್ಟಿಸಿದ ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಅಹಮದ್ ಶಾ ಆಳಿದ್ದು 1422ರಿಂದ 1436ರವರೆಗೆ. ಫರಿಶ್ತಾ ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿ ಕೂತು ಇದನ್ನು ಬರೆದದ್ದು ಹೆಚ್ಚುಕಡಿಮೆ ಇನ್ನೂರು ವರ್ಷಗಳ ನಂತರ. ಊರು ಸುಲ್ತಾನನಿಗಿಂತ ಹಳೆಯದು ಎಂಬುದೂ ನಿಜ. ಹೀಗಾಗಿ ಕತೆಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಅದು ಎತ್ತುವ ಪ್ರಶ್ನೆ ಒಳ್ಳೆಯದು. ಬೇಟೆಗೆ ಹೋದವರಿಗೆ ಯಾವುದೋ ಒಂದು ಜಾಗ ಹಿಡಿಸಿಬಿಡುತ್ತದೆ. ಅಜ್ಜ ಹೋದಲ್ಲಿಗೆ ಮಗ, ಮಗ ಹೋದಲ್ಲಿಗೆ ಮೊಮ್ಮಗ ಹೋಗುತ್ತಾನೆ. ಸುತ್ತ ಅಷ್ಟೊಂದು ನೆಲ ಇರುವಾಗ ಆ ಒಂದು ಜಾಗದಲ್ಲಿ ಅಂಥದ್ದೇನಿದೆ?

ಉತ್ತರದ ಒಂದು ಪಾಲು ಕಲ್ಲುಮಣ್ಣಿನಲ್ಲಿದೆ, ಇನ್ನೊಂದು ಪಾಲು ಪ್ರಾಣಿಯಲ್ಲಿ. ನಮ್ಮ ಬಯಲುಸೀಮೆಯಲ್ಲಿ ಆ ಪ್ರಾಣಿ ಚಿಗರಿ, ಅಂದರೆ ಕೃಷ್ಣಮೃಗ. ಜನ ಇದನ್ನು ಜಿಂಕೆ ಎಂದೇ ಕರೆದರೂ ಚುಕ್ಕಿ ಜಿಂಕೆಯ ಕುಲಕ್ಕೆ ಇದು ಸೇರಿದ್ದಲ್ಲ. ಚುಕ್ಕಿ ಜಿಂಕೆಯ ಕವಲೊಡೆದ ಕೊಂಬು ಬಿದ್ದುಹೋಗಿ ಮತ್ತೆ ಬೆಳೆಯುತ್ತದೆ. ಚಿಗರಿಯ ತಿರುಚಿದ ಕೊಂಬಿಗೆ ಕವಲಿಲ್ಲ, ಬದುಕಿರುವವರೆಗೂ ಅದು ಉದುರುವುದಿಲ್ಲ. ಚುಕ್ಕಿ ಜಿಂಕೆಗೆ ಮರದ ನೆರಳು ಬೇಕು, ಚಿಗರಿಗೆ ಬೇಕಾದದ್ದು ಬಯಲು.

ಮೊದಲು ನೆಲದ ವಿಚಾರ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನ ಮೇಲೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಬಹುಭಾಗದಲ್ಲಿ ಹರಡಿದ ಲಾವಾ ಆರಿ ಕರಿಕಲ್ಲಾಯಿತು. ಆ ಕಲ್ಲಿನ ಮೇಲ್ಪದರ ಬಿಸಿಲು ಮಳೆಗಳಲ್ಲಿ ಯುಗಯುಗಾಂತರ ನೆನೆದು ಒಣಗಿ, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದುಕೊಂಡವು. ಅದೇ ಈ ಕೆಂಪು, ತೂತುತೂತು ಕಲ್ಲು. ಮೇಲೆ ಬಿದ್ದ ಮಳೆನೀರು ತೂತುಗಳ ಮೂಲಕ ಇಳಿದುಬಿಡುತ್ತದೆ. ಕೆಳಗಿನ ಕರಿಕಲ್ಲು ನೀರನ್ನು ಕೆಳಕ್ಕೆ ಬಿಡುವುದಿಲ್ಲವಾದ್ದರಿಂದ ಅದು ಅಡ್ಡಕ್ಕೆ ಹರಿದು ಪ್ರಸ್ಥಭೂಮಿಯ ಅಂಚುಗಳಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝಿರಾ, ಪಾಪನಾಶ, ನರಸಿಂಹ ಝರಣಿ ಎಲ್ಲ ಹೀಗೆ ಹುಟ್ಟಿದ ನೀರು. ನೌಬಾದಿನ ಕರೇಜ್ ಎಂಬ ಸುರಂಗ ಕಾಲುವೆಯನ್ನು ಬಹಮನಿ ಕಾಲದವರು ಕೊರೆದದ್ದೂ ಇದೇ ಗುಟ್ಟನ್ನು ಅರಿತು.

ಇದರಿಂದ ಬಯಲಿಗೆ ಏನಾಯಿತು ಎಂಬುದು ಇಲ್ಲಿ ಮುಖ್ಯ. ಜಂಬಿಟ್ಟಿಗೆಯ ಮೇಲೆ ಮಣ್ಣು ತೆಳು. ವರ್ಷಕ್ಕೆ 850 ಮಿಲಿಮೀಟರ್ ಆಸುಪಾಸು ಮಳೆ ಸುರಿದರೂ ದೊಡ್ಡ ಮರಕ್ಕೆ ಬೇರು ಇಳಿಸಲು ಎಲ್ಲೆಡೆ ಜಾಗವಿಲ್ಲ. ಬೆಳೆಯುವುದು ಮೋಟು ಹುಲ್ಲು, ಅಲ್ಲಲ್ಲಿ ಕುರುಚಲು. ಭಾಲ್ಕಿ, ಔರಾದ್ ಕಡೆ ಹೋದರೆ ಜಂಬಿಟ್ಟಿಗೆ ಸರಿದು ಕರಿಕಲ್ಲೇ ಮೇಲೆ ಬರುತ್ತದೆ. ತಗ್ಗಿನಲ್ಲಿ ಮಾಂಜ್ರಾ ಮತ್ತು ಕಾರಂಜಾ ನದಿಗಳ ಕಡೆಗೆ ಇಳಿಯುವ ಎರೆ ಹೊಲಗಳು, ದಿಬ್ಬದಲ್ಲಿ ಮೊರಂ ಕಲ್ಲಿನ ಮಾಳ. ಎರೆಯಲ್ಲಿ ತೊಗರಿ, ಸೋಯಾ, ಕಡಲೆ, ಜೋಳ. ಮಾಳದಲ್ಲಿ ಹುಲ್ಲು, ದನ, ಕುರಿ. ಒಂದು ಕಡೆ ಮೇವು ನೀರು, ಮಗ್ಗುಲಲ್ಲೇ ತೆರೆದ ದಿಬ್ಬ, ಈ ಎರಡೂ ಒಟ್ಟಿಗೆ ಸಿಗುವ ಅಂಚು ಚಿಗರಿಗೆ ಹೇಳಿ ಮಾಡಿಸಿದ ತಾಣ.

ತೆರೆದ ದಿಬ್ಬ ಯಾಕೆ ಬೇಕು? ಚಿಗರಿಯ ಕಾವಲೆಲ್ಲ ಅದರ ಕಣ್ಣಿನಲ್ಲಿದೆ. ತಲೆಯ ಎರಡೂ ಬದಿಗಿರುವ ದೊಡ್ಡ ಕಣ್ಣುಗಳಿಗೆ ಕತ್ತು ತಿರುಗಿಸದೆಯೇ ಬಹುಪಾಲು ಸುತ್ತಳತೆ ಕಾಣುತ್ತದೆ. ಗುಂಪಿನಲ್ಲಿ ಒಂದಲ್ಲ ಒಂದು ತಲೆ ಎತ್ತಿಯೇ ಇರುತ್ತದೆ. ಅಪಾಯ ಕಂಡೊಡನೆ ಒಂದು ಗಾಳಿಗೆ ಹಾರುತ್ತದೆ, ಉಳಿದವೂ ಹಾರುತ್ತವೆ, ಆಮೇಲೆ ಓಟ. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲ ಈ ಪ್ರಾಣಿಗೆ ವೇಗ ಉಪಯೋಗಕ್ಕೆ ಬರುವುದು ಮುಂದೆ ಅಡೆತಡೆ ಇಲ್ಲದಾಗ ಮಾತ್ರ. ಎದೆಯೆತ್ತರದ ಹುಲ್ಲಿನಲ್ಲಿ ತೋಳ ಹೊಂಚಿದ್ದರೆ ಕಣ್ಣೂ ಕಾಲೂ ಎರಡೂ ವ್ಯರ್ಥ. ಆದರೆ ಮರಿ ಹಾಕುವ ಹೊತ್ತಿಗೆ ಇದೇ ತಾಯಿಗೆ ಎತ್ತರದ ಹುಲ್ಲು ಬೇಕು. ಹುಟ್ಟಿದ ಮೊದಲ ಕೆಲವು ದಿನ ಮರಿ ಹುಲ್ಲಿನ ಮರೆಯಲ್ಲಿ ಅಲುಗಾಡದೆ ಮಲಗಿರುತ್ತದೆ, ತಾಯಿ ಬಂದು ಹಾಲೂಡಿಸಿ ಹೋಗುತ್ತದೆ. ಮೋಟು ಹುಲ್ಲೂ ಎತ್ತರದ ಹುಲ್ಲೂ ಕೂಗಳತೆಯಲ್ಲಿ ಇರುವ ಜಾಗ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕ ಕಡೆ ಹಿಂಡು ಬಿಡುವುದಿಲ್ಲ.

ಇಷ್ಟೇ ಆಗಿದ್ದರೆ ಒಂದು ಮಾಳಕ್ಕೂ ಅದರಂಥದೇ ಇನ್ನೊಂದು ಮಾಳಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ. ವ್ಯತ್ಯಾಸ ಮಾಡುವುದು ಗಂಡು ಚಿಗರಿ. ವಯಸ್ಸಿಗೆ ಬಂದು ಮೈ ಕಪ್ಪಾದ ಗಂಡು ಒಂದಿಷ್ಟು ನೆಲವನ್ನು ತನ್ನದೆಂದು ಹಿಡಿಯುತ್ತದೆ. ಅದರ ಗಡಿಯನ್ನು ಹತ್ತಿರದಿಂದ ನೋಡಬೇಕೆಂದರೆ ಕೂತು ನೆಲ ನೋಡಬೇಕು. ಮೋಟು ಹುಲ್ಲಿನ ನಡುವೆ ಒಂದು ಕಡೆ ಮಾತ್ರ ಹುಲ್ಲಿಲ್ಲದ ಬೋಳು. ಅದರ ಮೇಲೆ ಕಡಲೆ ಗಾತ್ರದ ಹಿಕ್ಕೆಗಳ ಹಾಸು. ಮೇಲಿನವು ಹಸಿ, ಹೊಳೆಯುವ ಕಪ್ಪು. ಕೆಳಗಿನವು ಬಿಸಿಲಿಗೆ ಬಿಳಚಿ ಪುಡಿಯಾಗಿ ಮಣ್ಣಿಗೆ ಸೇರುತ್ತಿರುವವು. ಅಂಚಿನಲ್ಲಿ ಗೊರಸಿನಿಂದ ಕೆರೆದ ಗೀರು. ಗಂಡು ದಿನದಲ್ಲಿ ಹಲವು ಬಾರಿ ಇದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಇಲ್ಲಿಯೇ ಮಲಗುತ್ತದೆ, ಕಣ್ಣಿನ ಮುಂದಿನ ಗ್ರಂಥಿಯಿಂದ ಜಿನುಗುವ ಘಾಟು ದ್ರವವನ್ನು ಪಕ್ಕದ ಕಡ್ಡಿಗೆ ಒರೆಸುತ್ತದೆ. ಇನ್ನೊಂದು ಗಂಡು ಗಡಿಗೆ ಬಂದರೆ ಮೂತಿ ಮೇಲೆತ್ತಿ, ಕೊಂಬನ್ನು ಬೆನ್ನ ಮೇಲೆ ಒರಗಿಸಿ, ಸೆಟೆದು ನಡೆಯುತ್ತ ಎದುರಾಗುತ್ತದೆ. ಎರಡು ವಾರದಿಂದ ಎಂಟು ತಿಂಗಳವರೆಗೆ ಒಂದೇ ಗಂಡು ಇಂಥ ನೆಲವನ್ನು ಕಾಯುವುದುಂಟು. ಅದು ಸೋತು ಹೋದರೆ ಮತ್ತೊಂದು ಬರುತ್ತದೆ.

ಹಿಂಡು ದೊಡ್ಡದಿರುವಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ. ಹತ್ತಾರು ಗಂಡುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ಪುಟ್ಟ ಪುಟ್ಟ ನೆಲ ಹಿಡಿದು ನಿಲ್ಲುತ್ತವೆ. ಆ ನೆಲದಲ್ಲಿ ಮೇವೂ ಇಲ್ಲ, ನೀರೂ ಇಲ್ಲ. ಹೆಣ್ಣುಗಳು ಬರುವುದು ಗಂಡನ್ನು ಆರಿಸಲು ಮಾತ್ರ, ಕೂಡುವ ಅವಕಾಶ ಸಿಗುವುದು ಕೆಲವೇ ಗಂಡುಗಳಿಗೆ. ಗುಜರಾತಿನ ವೇಳಾವದರ್ ಹುಲ್ಲುಗಾವಲಿನಲ್ಲಿ ಇದನ್ನು ಬಹಳ ವರ್ಷಗಳಿಂದ ಅಭ್ಯಾಸ ಮಾಡುತ್ತ ಬಂದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಪ್ರಮುಖರು. ಇಂಥ ಬಯಲು ಒಮ್ಮೆ ನೆಲೆಯಾಯಿತೆಂದರೆ ಗಂಡುಗಳು ಬದಲಾದರೂ ಜಾಗ ಬದಲಾಗದೆ ಉಳಿಯಬಲ್ಲದು. ಹೊರಗಿನವರಿಗೆ ಬರಿ ಬೋಳು ನೆಲವಾಗಿ ಕಾಣುವ ಆ ತುಣುಕನ್ನು ನೆಲೆಯಾಗಿ ಮಾಡಿದ್ದು ಅಲ್ಲಿ ನಿಂತು ಹೋದ ಚಿಗರಿಗಳೇ.

ಬೇಟೆಗಾರರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತಿತ್ತು. ಅಕ್ಬರನ ಆಸ್ಥಾನದ ಅಬುಲ್ ಫಜಲ್ ತನ್ನ ಐನ್-ಎ-ಅಕ್ಬರಿಯಲ್ಲಿ ಒಂದು ಉಪಾಯ ವರ್ಣಿಸಿದ್ದಾನೆ. ಸಾಕಿದ ಗಂಡಿನ ಕೊಂಬಿಗೆ ಬಲೆ ಕಟ್ಟಿ ಕಾಡಿನ ಗಂಡಿನ ಎದುರು ಬಿಡುವುದು. ತನ್ನ ನೆಲಕ್ಕೆ ಬಂದ ಎದುರಾಳಿಯೆಂದು ಅದು ಮೇಲೆ ಬೀಳುತ್ತದೆ, ಕೊಂಬು ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೆಲ ಬಿಟ್ಟುಕೊಡದ ಗಂಡಿನ ಹಟವೇ ಇಲ್ಲಿ ಬಲೆಗಿಂತ ದೊಡ್ಡ ಸಾಧನ. ರಾಜರ ಚೀತಾ ಬೇಟೆಗೂ ಇಂಥ ತಿಳಿವಳಿಕೆಯೇ ಆಧಾರ. ಚೀತಾ ಕೆಲವು ನೂರು ಮೀಟರಷ್ಟೇ ಪೂರ್ತಿ ವೇಗದಲ್ಲಿ ಓಡಬಲ್ಲದು, ಆದ್ದರಿಂದ ಅದನ್ನು ಹಿಂಡಿಗೆ ಆದಷ್ಟು ಹತ್ತಿರ ಒಯ್ಯಬೇಕು. ಒಯ್ಯುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ದಿನವೂ ಹೊಲಕ್ಕೆ ಹೋಗಿಬರುವ ಗಾಡಿಗೆ ಚಿಗರಿ ಬೆದರುತ್ತಿರಲಿಲ್ಲ. ನಮ್ಮ ಚೀತಾಗಳು ಕಡಿಮೆಯಾದಾಗ ಕೊಲ್ಲಾಪುರದ ಅರಸರು ಆಫ್ರಿಕಾದಿಂದ ಚೀತಾ ತರಿಸಿ ಈ ಬೇಟೆಯನ್ನು ಇಪ್ಪತ್ತನೆಯ ಶತಮಾನದವರೆಗೂ ನಡೆಸಿದರು.

ಅರಸರಿಗೆ ಬೇಟೆ ಆಟ. ಅದರಿಂದಲೇ ಬದುಕಿದವರು ಬೇರೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರದ ಪಾರ್ಧಿಗಳು, ಹರಣಶಿಕಾರಿಗಳು ಪೀಳಿಗೆಗಳಿಂದ ಉರುಲು ಹಾಕಿ ಚಿಗರಿ, ಕೌಜುಗ ಹಿಡಿಯುತ್ತಿದ್ದವರು. ಇವರಲ್ಲಿ ಫಾಸೆಪಾರ್ಧಿಗಳು ಪಳಗಿಸಿದ ಆಕಳನ್ನು ಮುಂದಿಟ್ಟುಕೊಂಡು, ಅದರ ಮರೆಯಲ್ಲಿ ಹೆಜ್ಜೆ ಹಾಕುತ್ತ ಹಿಂಡಿನ ಸಮೀಪ ಹೋಗುತ್ತಿದ್ದರು. ಪಶ್ಚಿಮ ಮಹಾರಾಷ್ಟ್ರದ ಅಲೆಮಾರಿಗಳ ಬೇಟೆಯನ್ನು ಕೈಲಾಸ್ ಮಲ್ಹೋತ್ರಾ ಮತ್ತು ಮಾಧವ ಗಾಡ್ಗೀಳ್ ಅಧ್ಯಯನ ಮಾಡಿದಾಗ ಕಂಡದ್ದು, ಒಂದೇ ನಾಡಿನಲ್ಲಿ ತಿರುಗುವ ಬೇರೆ ಬೇರೆ ಸಮುದಾಯಗಳು ಬೇಟೆಯ ಪ್ರಾಣಿಗಳನ್ನೂ ವಿಧಾನಗಳನ್ನೂ ಹಂಚಿಕೊಂಡಂತೆ ಬದುಕಿದ್ದವು ಎಂಬುದು. ಉರುಲಿಗೆ ಸಿಕ್ಕ ಮರಿಯನ್ನೂ ಗಬ್ಬದ ಹೆಣ್ಣನ್ನೂ ಫಾಸೆಪಾರ್ಧಿಗಳು ಬಿಟ್ಟುಬಿಡುವ ಕಟ್ಟಳೆ ಇತ್ತೆಂದು ಗಾಡ್ಗೀಳ್ ದಾಖಲಿಸಿದ್ದಾರೆ. ಮುಂದಿನ ವರ್ಷವೂ ಅದೇ ಮಾಳಕ್ಕೆ ಬರಬೇಕಾದ ಕುಟುಂಬಕ್ಕೆ ಹಿಂಡು ಉಳಿಯುವುದು ಮುಖ್ಯವಾಗಿತ್ತು ಎಂದೇ ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಅಲೆಮಾರಿಗಳಿಗೆ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚುವ ದಾರಿ ತೆರೆಯಿತು. ಕಾಯ್ದೆ 1952ರಲ್ಲಿ ರದ್ದಾದರೂ ಹಣೆಪಟ್ಟಿ ಪೂರ್ತಿ ಅಳಿಸಿಲ್ಲ. ಚಿಗರಿಯ ಮಾಳವನ್ನು ಇವರಷ್ಟು ಬಲ್ಲವರನ್ನು ಕಾವಲಿನ ಕೆಲಸಕ್ಕೆ, ಹಿಂಡು ಎಣಿಸುವ ಕೆಲಸಕ್ಕೆ ಕರೆಯದಿರುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಹಿಂಡುಗಳನ್ನು ನಿಜಕ್ಕೂ ಬರಿದು ಮಾಡಿದ್ದು ಬಂದೂಕು ಮತ್ತು ಜೀಪು. ಗಾಡಿಯನ್ನು ಬಲ್ಲ ಚಿಗರಿಗೆ ರಾತ್ರಿ ಕಣ್ಣು ಕುಕ್ಕುವ ದೀಪ ಹೊತ್ತು ಬಯಲಿನಲ್ಲೇ ಅಟ್ಟಿಸಿಕೊಂಡು ಬರುವ ಜೀಪು ಏನೆಂದು ತಿಳಿಯದು. ತೆರೆದ ಬಯಲು ಅದಕ್ಕೆ ಕೊಟ್ಟಿದ್ದ ರಕ್ಷಣೆ ಅಲ್ಲಿಗೆ ತಿರುಗುಮುರುಗಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಕೃಷ್ಣಮೃಗ ಮೊದಲನೆಯ ಪರಿಚ್ಛೇದಕ್ಕೆ ಸೇರಿದ ಮೇಲೆ ಬೇಟೆ ಜೈಲು ಶಿಕ್ಷೆಯ ಅಪರಾಧ. ಕಾಯ್ದೆ ಕೊಲ್ಲುವುದನ್ನು ತಡೆಯಿತು. ನೆಲ ಹೋಗುವುದನ್ನು ತಡೆಯಲು ಅದೊಂದೇ ಸಾಲದು.

ನೆಲ ಹೋಗುತ್ತಿರುವ ಬಗೆ ನೋಡಿ. ನಿಜಾಮರ ಕಾಲದಿಂದ ಗೈರಾಣ ಎಂದು ಕರೆಸಿಕೊಂಡ ಸರ್ಕಾರಿ ಗೋಮಾಳಗಳೇ ಔರಾದ್, ಭಾಲ್ಕಿ ಕಡೆ ಚಿಗರಿಗೆ ಉಳಿದ ಮಾಳ. ಅದರಲ್ಲಿ ಒಂದಿಷ್ಟು ಸಾಗುವಳಿಗೆ, ಒಂದಿಷ್ಟು ಕಟ್ಟಡಕ್ಕೆ, ಒಂದಿಷ್ಟು ಕಲ್ಲುಗಣಿಗೆ ಹೋಗುತ್ತದೆ. ಮಿಕ್ಕದ್ದಕ್ಕೆ ಪಾಳು ಎಂಬ ಹೆಸರು. ಪಾಳು ಬಿದ್ದಿದೆಯಲ್ಲ ಎಂದು ಒಳ್ಳೆಯ ಮನಸ್ಸಿನಿಂದಲೇ ಸಸಿ ನೆಡುತ್ತಾರೆ. ಬೀದರ್ ಕಾಡು ಕಡಿಮೆಯಿರುವ ಜಿಲ್ಲೆ, ಮರ ಬೇಡ ಎನ್ನುವವರು ಯಾರು? ಆದರೆ ಹುಲ್ಲುಗಾವಲಿನ ಮೇಲೆ ನೀಲಗಿರಿ, ಗ್ಲಿರಿಸಿಡಿಯಾ, ಅಕೇಶಿಯಾ ಸಾಲು ಎಬ್ಬಿಸಿದರೆ ಚಿಗರಿಯ ಕಣ್ಣಿಗೆ ಗೋಡೆ ಕಟ್ಟಿದಂತೆ. ಹಿಂಡು ಅಲ್ಲಿಂದ ಏಳುತ್ತದೆ, ಕೆಳಗಿನ ಎರೆ ಹೊಲಕ್ಕೆ ಇಳಿಯುತ್ತದೆ.

ಬಳ್ಳಾರಿ ಜಾಲಿಯದು ಇನ್ನೊಂದು ಕತೆ, ಅದರಲ್ಲಿ ಚಿಗರಿಯ ಪಾಲೂ ಇದೆ. ಜಾಲಿಯ ಸಿಹಿ ಕಾಯಿಯನ್ನು ಚಿಗರಿ ತಿನ್ನುತ್ತದೆ, ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆಯಲ್ಲಿ ಬೀಳುತ್ತದೆ. ವೇಳಾವದರದ ಗಂಡುಗಳು ಒಂದೇ ಕಡೆ ಹಿಕ್ಕೆ ಹಾಕುವುದರಿಂದ ಅವು ಕೂಡುವ ಬಯಲಿನಲ್ಲಿಯೇ ಜಾಲಿ ಬೀಜ ಗುಡ್ಡೆಯಾಗಿ, ಮೊಳೆಯಲು ಗೊಬ್ಬರದ ಮಣ್ಣೂ ಸಿಗುತ್ತದೆ ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಜಾಲಿ ಎತ್ತರಕ್ಕೆ ಬೆಳೆದರೆ ಆ ಬಯಲು ಚಿಗರಿಗೆ ಬೇಡವಾಗುತ್ತದೆ. ಮನುಷ್ಯ ತಂದು ನೆಟ್ಟ ಪರದೇಶಿ ಗಿಡ, ಪ್ರಾಣಿಯ ಹಳೆಯ ರೂಢಿಯನ್ನೇ ಹಿಡಿದುಕೊಂಡು ಅದರ ಮನೆ ಕಸಿಯುತ್ತದೆ. ಹಿಕ್ಕೆಯ ಹಾಸಿನ ಸುತ್ತಲಿನ ಜಾಲಿ ಸಸಿಯನ್ನು ಬೇರು ಎಳಸಾಗಿರುವಾಗಲೇ ಕಿತ್ತರೆ ಕೆಲಸ ಸುಲಭ. ಬಿಟ್ಟರೆ ಆಮೇಲೆ ಜೆಸಿಬಿ ಬೇಕು.

ಇನ್ನು ರೈತರ ಮಾತು. ಜೂನ್‌ನಲ್ಲಿ ಬಿತ್ತಿದ ಹೆಸರು, ಉದ್ದು, ಸೋಯಾ ಎರಡೆಲೆ ಒಡೆಯುತ್ತಿದ್ದಂತೆ ಹಿಂಡು ಬಂದು ಮೇಯುತ್ತದೆ. ಒಂದು ರಾತ್ರಿ ಮೇಯ್ದರೆ ಮತ್ತೆ ಬಿತ್ತಬೇಕು, ಬೀಜ ಗೊಬ್ಬರದ ಖರ್ಚು ಎರಡು ಪಟ್ಟು, ಹದವೂ ತಪ್ಪಿಹೋಗಿರುತ್ತದೆ. ಹೊಲದ ಸುತ್ತ ಹಳೆಯ ಸೀರೆ ಕಟ್ಟಿ, ಮಂಚಿಗೆ ಹಾಕಿ, ನಿದ್ದೆಗೆಟ್ಟು ಕಾಯುವವನಿಗೆ ಚಿಗರಿಯ ಚೆಲುವಿನ ಬಗ್ಗೆ ಉಪನ್ಯಾಸ ಕೊಡುವುದು ಅನ್ಯಾಯ. ಬೆಳೆನಷ್ಟದ ಪರಿಹಾರ ಮರುಬಿತ್ತನೆಯ ಹೊತ್ತಿಗೇ ಕೈಗೆ ಬರಬೇಕು, ಸುಗ್ಗಿ ಮುಗಿದ ಮೇಲಲ್ಲ. ಆದರೆ ಮಾಳವೂ ಹೊಲವೂ ಒಂದಕ್ಕೊಂದು ಕೂಡಿಕೊಂಡ ಲೆಕ್ಕ ಎಂಬುದನ್ನು ಮರೆಯುವಂತಿಲ್ಲ. ಗೈರಾಣದಲ್ಲಿ ಹುಲ್ಲು ಚೆನ್ನಾಗಿದ್ದರೆ ಹಿಂಡು ಹೊಲಕ್ಕೆ ಬರುವುದು ನಿಂತೇಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಎಳೆ ಹೆಸರಿನ ರುಚಿ ಯಾವ ಹುಲ್ಲಿಗೂ ಇಲ್ಲ. ಹಗಲು ನಿಲ್ಲಲು ಜಾಗವೇ ಇಲ್ಲದಿದ್ದರೆ ಮಾತ್ರ ಹಗಲೂ ರಾತ್ರಿ ಹೊಲವೇ ಅದರ ಮಾಳವಾಗುತ್ತದೆ.

ಸಣ್ಣ ಜಾಗದಲ್ಲಿ ಇದು ಸಾಧ್ಯವೇ ಎಂದು ಕೇಳುವವರಿಗೆ ತುಮಕೂರು ಜಿಲ್ಲೆಯ ಮೈದನಹಳ್ಳಿ ಉತ್ತರವಾಗಿದೆ. ಮಧುಗಿರಿ ತಾಲೂಕಿನ ಆ ಹುಲ್ಲುಗಾವಲು ಬರೀ 798 ಎಕರೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಗಿ ಘೋಷಣೆಯಾದ ಆ ನೆಲದಲ್ಲಿ, ಸುತ್ತ ಹೊಲಗಳಿದ್ದರೂ, ದೊಡ್ಡ ಹಿಂಡುಗಳು ನೆಲೆನಿಂತಿವೆ. ರಾಣೆಬೆನ್ನೂರಿನ ಅಭಯಾರಣ್ಯ 119 ಚದರ ಕಿಲೋಮೀಟರಿನಷ್ಟು ದೊಡ್ಡದು, ಆದರೆ ಅಲ್ಲಿ ನೀಲಗಿರಿ ನೆಡುತೋಪು ಬಯಲಿನ ಬಹುಪಾಲನ್ನು ನುಂಗಿದೆ. ಎಕರೆಗಿಂತ ತೆರವು ಮುಖ್ಯ ಎಂಬುದಕ್ಕೆ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹೀಗಾಗಿ ಬೀದರ್, ಭಾಲ್ಕಿ, ಔರಾದ್ ತಾಲೂಕುಗಳಲ್ಲಿ ಯಾವುದೇ ಗೈರಾಣವನ್ನು ನೆಡುತೋಪಿಗೋ ಕಟ್ಟಡಕ್ಕೋ ಕೊಡುವ ಮುಂಚೆ, ಚಿಗರಿ ಬೆದೆಗೆ ಬರುವ ಮಾರ್ಚ್‌ನಿಂದ ಮೇವರೆಗೆ ಮತ್ತು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಆ ಮಾಳದ ಮೇಲೆ ಒಮ್ಮೆ ನಡೆದು ಹಿಕ್ಕೆಯ ಹಾಸುಗಳನ್ನು ಗುರುತು ಹಾಕಬೇಕು. ಅದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಮೊಬೈಲ್ ನಕ್ಷೆ ಮತ್ತು ದಾರಿ ಬಲ್ಲ ಒಬ್ಬ ಕುರಿಗಾಹಿ ಸಾಕು. ಹಾಸುಗಳು ಒತ್ತೊತ್ತಾಗಿ ಸಿಕ್ಕ ತುಣುಕು ಹತ್ತೇ ಎಕರೆ ಇದ್ದರೂ ಅದನ್ನು ಸಸಿಯ ಪಟ್ಟಿಯಿಂದ ಕೈಬಿಡಬೇಕು, ಕುರಿ ದನಗಳಿಗೆ ಎಂದಿನಂತೆ ತೆರೆದಿಡಬೇಕು. ಹುಲ್ಲನ್ನು ಮೋಟಾಗಿ ಇಟ್ಟು ಆ ಬಯಲನ್ನು ಚಿಗರಿಗೆ ಕಾಣುವಂತೆ ಉಳಿಸಿಕೊಂಡು ಬಂದಿರುವುದರಲ್ಲಿ ಅವುಗಳ ಮೇವಿನ ಪಾಲೂ ಇದೆ.